ತಲೆಬರಹದ ಪದಗಳು ಮತ್ತು ರಾಜಕೀಯ ಒಲವು: ಮಲೆನಾಡಿನ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಕಾಲೇಜು, ಗ್ರಂಥಾಲಯಗಳಲ್ಲಿ ಪತ್ರಿಕೆ ಓದುವುದರ ಬಗ್ಗೆ ಮಾತಾಡಲು ಹೋದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಡೆಸ್ಕ್‌ನಲ್ಲಿ ಕೂತು ಹೆಡ್ಡಿಂಗ್ ಕೊಡುವ ಕೆಲಸವನ್ನು ಬಹಳ ಕಾಲ ಮಾಡಿದ್ದೇನೆ. ಆ ಅನುಭವದಿಂದ ಉತ್ತರ ಬರೆದಿದ್ದೇನೆ. ಇಲ್ಲಿ ಉದಾಹರಣೆಗೆ ಕೊಟ್ಟ ತಲೆಬರಹಗಳೆಲ್ಲ ನಾನೇ ಕಟ್ಟಿದವು, ಯಾವ ಪತ್ರಿಕೆಯಿಂದಲೂ ಎತ್ತಿದವಲ್ಲ. ಆದರೆ ಇಂಥವನ್ನು ನೀವು ದಿನಾ ನೋಡಿರುತ್ತೀರಿ.

ಸುದ್ದಿ ಬರೆದವರೇ ತಲೆಬರಹವನ್ನೂ ಬರೆಯುತ್ತಾರಾ?

ಸಾಮಾನ್ಯವಾಗಿ ಇಲ್ಲ. ಹೊಸನಗರದ ವರದಿಗಾರರು ಸಂಜೆ ಸುದ್ದಿ ಕಳಿಸುತ್ತಾರೆ. ಅದಕ್ಕೆ ಅವರೇ ಒಂದು ಹೆಡ್ಡಿಂಗ್ ಹಾಕಿರಬಹುದು. ಡೆಸ್ಕ್‌ನಲ್ಲಿರುವ ಉಪಸಂಪಾದಕರು ಸುದ್ದಿ ತಿದ್ದುತ್ತಾರೆ, ಪುಟದಲ್ಲಿ ಎಷ್ಟು ಜಾಗ ಸಿಕ್ಕಿದೆ ನೋಡಿ ಹೊಸ ತಲೆಬರಹ ಕೊಡುತ್ತಾರೆ. ಹಾಗಾಗಿ ಬಸ್ ಸ್ಟ್ಯಾಂಡ್‌ನಲ್ಲಿ ವರದಿಗಾರರನ್ನು ನಿಲ್ಲಿಸಿ ‘ಏನ್ರೀ ಇದು ಹೆಡ್ಡಿಂಗು’ ಎಂದು ಜಗಳ ತೆಗೆದರೆ ಬಹಳ ಸಲ ತಪ್ಪು ಮನುಷ್ಯನನ್ನು ಹಿಡಿದಂತಾಗುತ್ತದೆ.

ಜಾಗದ ವಿಷಯ ಸಣ್ಣದಲ್ಲ. ಎರಡು ಕಾಲಂ ಸುದ್ದಿಗೆ ದಪ್ಪ ಅಕ್ಷರದಲ್ಲಿ ಒಂದು ಸಾಲಿಗೆ ಎರಡೋ ಮೂರೋ ಪದ ಹಿಡಿಯುತ್ತವೆ. ‘ಮಂಜೂರಾತಿಗೆ ಅರ್ಜಿ ಹಾಕಿ ಸಾಗುವಳಿ ಮಾಡುತ್ತಿರುವ ಜಮೀನು’ ಎನ್ನಲು ಜಾಗ ಇಲ್ಲ. ‘ಒತ್ತುವರಿ’ ಎನ್ನಲು ಇದೆ. ಪುಟ ಹೋಗುವ ಹೊತ್ತಾಗಿರುತ್ತದೆ, ಕೈಗೆ ಸಿಕ್ಕ ಚಿಕ್ಕ ಪದ ಕೂತುಬಿಡುತ್ತದೆ. ಪಕ್ಷಪಾತದ ಒಂದು ದೊಡ್ಡ ಭಾಗ ಹೀಗೆ ಯಾರೂ ಬೇಕೆಂದು ಮಾಡದೆಯೇ ಆಗುತ್ತದೆ. ಇನ್ನೊಂದು ಭಾಗ ಬೇಕೆಂದೇ ಮಾಡಿದ್ದು. ಓದುವವರ ಮೇಲೆ ಎರಡರ ಪರಿಣಾಮವೂ ಒಂದೇ.

ಒಂದು ಪದದಲ್ಲಿ ರಾಜಕೀಯ ಹೇಗೆ ಸೇರಿಕೊಳ್ಳುತ್ತದೆ? ನಮ್ಮ ಕಡೆಯದ್ದೇ ಉದಾಹರಣೆ ಕೊಡಿ.

ಜಮೀನಿನ ಸುದ್ದಿ ತಗೊಳ್ಳಿ. ಸಾಗರ ತಾಲ್ಲೂಕಿನ ಒಂದು ಹಳ್ಳಿಗೆ ಅರಣ್ಯ ಇಲಾಖೆಯವರು ಬಂದು ಒಂದು ಕುಟುಂಬದ ಎರಡು ಎಕರೆ ಅಡಿಕೆ ಗಿಡ ಕಡಿದರು ಅಂತಿಟ್ಟುಕೊಳ್ಳಿ. ಮರುದಿನ ತಲೆಬರಹ ಹೀಗೆಲ್ಲ ಬರಬಹುದು:

‘ಅರಣ್ಯ ಒತ್ತುವರಿ ತೆರವು’
‘ಬಗರ್‌ಹುಕುಂ ರೈತನ ತೋಟ ನಾಶ’
‘ಮುಳುಗಡೆ ಸಂತ್ರಸ್ತರ ಮೇಲೆ ಅರಣ್ಯ ಇಲಾಖೆ ದರ್ಪ’
‘ಎರಡು ಎಕರೆ ಅಡಿಕೆ ಗಿಡ ಕಡಿದ ಅರಣ್ಯ ಸಿಬ್ಬಂದಿ’

ಮೊದಲನೆಯದು ಜಮೀನು ಅರಣ್ಯದ್ದೇ ಎಂದು ತೀರ್ಮಾನ ಮಾಡಿಬಿಟ್ಟಿದೆ. ‘ತೆರವು’ ಎಂದಕೂಡಲೇ ರಸ್ತೆಗೆ ಬಿದ್ದ ಮರ ತೆಗೆದ ಹಾಗೆ, ಇರಬಾರದ್ದನ್ನು ತೆಗೆದರು ಎಂಬ ಭಾವನೆ ಬರುತ್ತದೆ. ಎರಡನೆಯದು ಇನ್ನೊಂದು ಕಡೆಗೆ ತೀರ್ಪು ಕೊಟ್ಟಿದೆ. ಬಗರ್‌ಹುಕುಂ ಎಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡುವ ಸಾಗುವಳಿ. ಅದು ಸಕ್ರಮ ಆಗುವುದು ಕಂದಾಯ ಜಮೀನಿನಲ್ಲಿ. ಫಾರಂ 50, 53, 57 ಎಂದು ನಮ್ಮ ರೈತರು ತಾಲ್ಲೂಕು ಆಫೀಸಿಗೆ ಅಲೆಯುವುದು ಅದಕ್ಕೇ. ಅರಣ್ಯ ಜಮೀನಾದರೆ ದಾರಿ ಬೇರೆ, ಅಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಬರುತ್ತದೆ. ಆ ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದೇವೆ ಎಂದು ತೋರಿಸಬೇಕು. ಅಂದರೆ ‘ಬಗರ್‌ಹುಕುಂ’ ಎಂದು ಬರೆದವರು ಇದು ಕಂದಾಯ ಜಮೀನು ಎಂದು ಹೇಳಿದ ಹಾಗಾಯ್ತು. ಕಂದಾಯ ಇಲಾಖೆಯ ಪಹಣಿ ಒಂದು ಹೇಳುತ್ತದೆ, ಅರಣ್ಯ ಇಲಾಖೆಯ ನಕ್ಷೆ ಇನ್ನೊಂದು ಹೇಳುತ್ತದೆ, ಜಂಟಿ ಸರ್ವೆ ಆಗಿರುವುದಿಲ್ಲ. ಇಡೀ ಜಗಳವೇ ಅದು. ತಲೆಬರಹ ಬರೆದವರು ಎರಡು ಪದದಲ್ಲಿ ಅದನ್ನು ಮುಗಿಸಿಬಿಟ್ಟಿರುತ್ತಾರೆ.

ಮೂರನೆಯದರ ಹಿಂದೆ ಇನ್ನೂ ಹಳೆಯ ಕಥೆ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದವು. ಅಲ್ಲಿಂದ ಎದ್ದು ಬಂದವರನ್ನು ಕಾಡು ಪ್ರದೇಶಗಳಿಗೆ ಕಳಿಸಿದರು. ಎಷ್ಟೋ ಕಡೆ ಜನ ಹೋದರು, ಕಾಗದಪತ್ರ ಹಿಂದೆಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆ ಇಲ್ಲದೆ ಅರಣ್ಯ ಜಮೀನನ್ನು ಬೇರೆ ಕೆಲಸಕ್ಕೆ ಬಿಡಿಸಿಕೊಡಲು ಬರುವುದಿಲ್ಲ. ಹಾಗಾಗಿ ನಾಡಿಗೆ ಕರೆಂಟ್ ಕೊಡಲು ಮನೆ ಬಿಟ್ಟ ಅಜ್ಜ ‘ಸಂತ್ರಸ್ತ’, ಅದೇ ಜಾಗದಲ್ಲಿ ತೋಟ ಮಾಡಿಕೊಂಡ ಮೊಮ್ಮಗ ‘ಒತ್ತುವರಿದಾರ’. ಮೊಮ್ಮಗ ಅರ್ಧ ಎಕರೆ ಆಚೆಗೂ ಬೇಲಿ ಸರಿಸಿರಬಹುದು. ಅದೂ ಇರುತ್ತದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಎರಡೂ ಪದಕ್ಕೆ ಆಧಾರ ಇದೆ. ಪತ್ರಿಕೆ ಯಾವುದನ್ನು ಎತ್ತಿಕೊಂಡಿತು ಎಂಬುದರಲ್ಲಿ ಅದರ ಒಲವು ಕಾಣುತ್ತದೆ.

‘ದರ್ಪ’ ಅಂತೂ ಬರೀ ಅಭಿಪ್ರಾಯ. ಸಂಪಾದಕೀಯದಲ್ಲಿ ಬರೆಯಲಿ, ತಕರಾರಿಲ್ಲ. ಸುದ್ದಿಯ ನೆತ್ತಿಯ ಮೇಲೆ ಬೇಡ.

ಹಾಗಾದರೆ ಸರಿಯಾದ ಪದ ಯಾವುದು?

ಯಾರು, ಏನು ಮಾಡಿದರು, ಯಾರಿಗೆ ಮಾಡಿದರು ಎಂದಷ್ಟೇ ಹೇಳುವ ನಾಲ್ಕನೆಯದನ್ನು ನಾನು ಆರಿಸುತ್ತೇನೆ. ಅದರಲ್ಲೂ ಒಲವು ಇಲ್ಲವೇ ಇಲ್ಲ ಎನ್ನಲಾರೆ. ‘ಗಿಡ ಕಡಿದ’ ಎಂಬುದಕ್ಕೆ ನಮ್ಮ ಕಡೆಯವರ ಹೊಟ್ಟೆ ಉರಿಯುತ್ತದೆ. ಅಡಿಕೆ ಗಿಡ ಫಸಲಿಗೆ ಬರಲು ಎಷ್ಟು ವರ್ಷ ಬೇಕು ಎಂದು ಗೊತ್ತಿರುವ ಜನ ಇವರು. ಆದರೂ ಅಲ್ಲಿ ನಡೆದದ್ದು ಅದೇ ತಾನೇ? ನಡೆದದ್ದನ್ನು ಹೇಳಿ, ಜಮೀನು ಯಾರದ್ದು ಎಂಬ ತೀರ್ಪನ್ನು ಸುದ್ದಿಯ ಒಳಗೆ ಎರಡೂ ಕಡೆಯ ಮಾತಿಗೆ ಬಿಡುತ್ತದೆ. ಪೂರ್ತಿ ತಟಸ್ಥ ಪದ ಸಿಗದೇ ಇರಬಹುದು. ಆದರೆ ತೀರ್ಪು ಕೊಡದ ಪದ ಹುಡುಕಿದರೆ ಬಹಳ ಸಲ ಸಿಗುತ್ತದೆ.

ತಲೆಬರಹದಲ್ಲಿ ಯಾರು ಮಾಡಿದರು ಎಂಬುದೇ ಇರುವುದಿಲ್ಲವಲ್ಲ, ಯಾಕೆ?

ಕನ್ನಡದಲ್ಲಿ ಕರ್ತೃವನ್ನು ಬಿಟ್ಟು ವಾಕ್ಯ ಕಟ್ಟುವುದು ಬಹಳ ಸುಲಭ. ‘ಲಾಠಿ ಪ್ರಹಾರ’, ‘ಮನೆ ನೆಲಸಮ’, ‘ಕಾಮಗಾರಿ ಸ್ಥಗಿತ’. ಮಾಡಿದವರು ಯಾರು? ಒಳಗೆ ಹುಡುಕಬೇಕು. ಜಾಗ ಉಳಿಸಲು ಹೀಗೆ ಬರೆಯುವುದು ರೂಢಿ. ಆದರೆ ಯಾವ ಸುದ್ದಿಯಲ್ಲಿ ಕರ್ತೃ ಮಾಯವಾಗುತ್ತಾನೆ, ಯಾವುದರಲ್ಲಿ ಎದ್ದು ನಿಲ್ಲುತ್ತಾನೆ ಎಂದು ಗಮನಿಸಿ.

ಇದಕ್ಕೆ ಭದ್ರಾವತಿಗಿಂತ ಒಳ್ಳೆಯ ಪಾಠ ಇಲ್ಲ. ಅಲ್ಲಿ ಎರಡು ಕಾರ್ಖಾನೆಗಳು. ಎಂಪಿಎಂ ಕಾಗದ ಕಾರ್ಖಾನೆ ರಾಜ್ಯ ಸರ್ಕಾರದ್ದು. ನಾವು ಓದುವ ಪತ್ರಿಕೆಗಳಿಗೆ ಬೇಕಾದ ಕಾಗದವೇ ಅಲ್ಲಿ ತಯಾರಾಗುತ್ತಿತ್ತು. ವಿಐಎಸ್‌ಎಲ್ ಕಬ್ಬಿಣ ಕಾರ್ಖಾನೆ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೈಲ್‌ಗೆ ಸೇರಿದ್ದು. ಅದನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಆಯ್ತು. ಈಗ ಒಂದು ಪಕ್ಷದ ಕಡೆ ವಾಲಿದ ಪತ್ರಿಕೆ ‘ಎಂಪಿಎಂ ಮುಚ್ಚಿದ ರಾಜ್ಯ ಸರ್ಕಾರ’ ಎಂದು ಬರೆದು, ಇನ್ನೊಂದಕ್ಕೆ ‘ವಿಐಎಸ್‌ಎಲ್‌ಗೆ ಬೀಗ’ ಎಂದು ಸುಮ್ಮನಾಗುತ್ತದೆ. ಎದುರು ಪಕ್ಷದ್ದು ‘ವಿಐಎಸ್‌ಎಲ್‌ಗೆ ಕೇಂದ್ರದ ಕೊಳ್ಳಿ’ ಎನ್ನುತ್ತದೆ, ಎಂಪಿಎಂ ವಿಷಯ ಬಂದಾಗ ‘ನಷ್ಟಕ್ಕೆ ಬಲಿಯಾದ ಎಂಪಿಎಂ’ ಎನ್ನುತ್ತದೆ. ಕಾರ್ಖಾನೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಎರಡು ಕಡೆಯೂ ಯಾರೋ ಕೂತು ತೀರ್ಮಾನ ತಗೊಂಡಿದ್ದಾರೆ. ಎರಡರಲ್ಲೂ ಆ ‘ಯಾರೋ’ ಯಾರು ಎಂದು ಬರೆಯುವ ಪತ್ರಿಕೆಯನ್ನು ನಾನು ನಂಬುತ್ತೇನೆ.

ಲಾಠಿ ಸುದ್ದಿಯಲ್ಲಿ ಪದಗಳು ಯಾವ ಸರದಿಯಲ್ಲಿ ಬಂದಿವೆ ಎಂಬುದನ್ನೂ ನೋಡಿ. ‘ಕಲ್ಲು ತೂರಾಟ: ಲಾಠಿ ಪ್ರಹಾರ’ ಮತ್ತು ‘ಲಾಠಿ ಪ್ರಹಾರ: ಕಲ್ಲು ತೂರಾಟ’. ಪದ ಅವೇ. ಯಾರು ಶುರು ಮಾಡಿದರು ಎಂಬುದು ತಿರುಗಾ ಮುರುಗಾ ಆಯ್ತು.

‘ಸರ್ಕಾರದ ಕೊಡುಗೆ’ ಎಂದು ಬರೆಯುವುದರಲ್ಲಿ ತಪ್ಪೇನು?

ನನಗೆ ತುಂಬಾ ಬೇಜಾರು ತರುವ ಪದ ಇದು. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸುಮಾರು 2.4 ಕಿ.ಮೀ. ಉದ್ದದ ಸೇತುವೆ. ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ತಮ್ಮನ್ನು ಸರಿಯಾಗಿ ಕೇಳಿಲ್ಲ ಎಂದು ಆಕ್ಷೇಪಿಸಿ ಹೋಗಲಿಲ್ಲ. ಇಂಥ ದಿನ ‘ಕೇಂದ್ರದ ಭರ್ಜರಿ ಕೊಡುಗೆ’ ಎಂದು ಬರೆಯಬಹುದು. ‘ರಾಜ್ಯವನ್ನು ಕಡೆಗಣಿಸಿದ ಕೇಂದ್ರ’ ಎಂದೂ ಬರೆಯಬಹುದು. ಎರಡರಲ್ಲೂ ನಾಯಕರೇ ಕರ್ತೃಗಳು. ತುಮರಿ, ಬ್ಯಾಕೋಡು ಕಡೆಯವರು, ಆಸ್ಪತ್ರೆಗೆ ಹೋಗಲೂ ಲಾಂಚ್ ಬರಲಿ ಎಂದು ದಡದಲ್ಲಿ ಕಾದವರು, ಎರಡು ತಲೆಬರಹದಲ್ಲೂ ಇಲ್ಲ.

‘ಕೊಡುಗೆ’ ಅಂದರೆ ಸ್ವಂತ ಜೇಬಿನಿಂದ ಕೊಟ್ಟಿದ್ದು. ಸೇತುವೆ ತೆರಿಗೆ ಹಣದ್ದು. ‘ಅರವತ್ತು ವರ್ಷದ ಬಳಿಕ ಶರಾವತಿ ಹಿನ್ನೀರಿನ ಜನಕ್ಕೆ ಸೇತುವೆ’ ಎಂದರೆ ಏನು ಕಡಿಮೆ ಆಗುತ್ತದೆ? ಹಣ ಯಾರದ್ದು, ಉದ್ಘಾಟನೆಗೆ ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಒಳಗೆ ಬರೆಯಲಿ.

ಏಕವಚನ, ಬಹುವಚನದಲ್ಲೂ ಪಕ್ಷಪಾತ ಇರುತ್ತದೆಯೇ?

ಇರುತ್ತದೆ. ಇದು ಕನ್ನಡದಲ್ಲಿ ಎದ್ದು ಕಾಣುವಂಥದ್ದು, ಆದರೂ ನಮಗೆ ರೂಢಿಯಾಗಿ ಕಾಣುವುದೇ ಇಲ್ಲ.

ತೋಟದಿಂದ ಒಂದು ಮೂಟೆ ಹಸಿ ಅಡಿಕೆ ಕದ್ದ ಆರೋಪ ಹೊತ್ತ ಕೂಲಿಯಾಳು: ‘ಅಡಿಕೆ ಕಳ್ಳ ಸೆರೆ’. ಒಳಗೆ ‘ಆತ ಪರಾರಿಯಾಗಿದ್ದ, ಪೊಲೀಸರ ಮುಂದೆ ಬಾಯಿಬಿಟ್ಟಿದ್ದಾನೆ’. ಸಹಕಾರ ಸಂಘದಲ್ಲಿ ಕೋಟಿಗಟ್ಟಲೆ ಹಣ ತಿಂದ ಆರೋಪ ಹೊತ್ತ ಮಾಜಿ ಅಧ್ಯಕ್ಷರು: ‘ಹಣ ದುರ್ಬಳಕೆ ಆರೋಪ: ಮಾಜಿ ಅಧ್ಯಕ್ಷರ ವಿಚಾರಣೆ’. ಒಳಗೆ ‘ಅವರು ಪ್ರತಿಕ್ರಿಯೆಗೆ ಸಿಗಲಿಲ್ಲ, ವಿಚಾರಣೆ ವೇಳೆ ಮಾಹಿತಿ ನೀಡಿದ್ದಾರೆ’. ಇಬ್ಬರೂ ಆರೋಪಿಗಳೇ. ಕೋರ್ಟು ಇಬ್ಬರ ಬಗ್ಗೆಯೂ ಏನೂ ಹೇಳಿಲ್ಲ. ಒಬ್ಬನಿಗೆ ‘ಕಳ್ಳ’ ಮತ್ತು ‘ಆತ’, ಇನ್ನೊಬ್ಬರಿಗೆ ‘ಆರೋಪ’ ಮತ್ತು ‘ಅವರು’. ಒಬ್ಬ ಪರಾರಿಯಾಗುತ್ತಾನೆ, ಇನ್ನೊಬ್ಬರು ಸಿಗುವುದಿಲ್ಲ.

ಇದು ಪಕ್ಷ ರಾಜಕೀಯ ಅಲ್ಲದಿರಬಹುದು, ಆದರೆ ರಾಜಕೀಯವೇ. ದುಡ್ಡು, ಜಾತಿ, ಸ್ಥಾನ ನೋಡಿ ವಚನ ಬದಲಾಗುತ್ತದೆ. ಆರೋಪಿ ಯಾರೇ ಆದರೂ ಒಂದೇ ವಚನ ಎಂದು ಒಂದು ಪತ್ರಿಕೆ ನಿಯಮ ಮಾಡಿಕೊಂಡರೆ ಸಾಕು, ಅರ್ಧ ಕೆಲಸ ಆಗುತ್ತದೆ. ಎಲ್ಲರಿಗೂ ಬಹುವಚನ ಕೊಡಿ ಎಂಬುದು ನನ್ನ ವಾದ. ‘ಕಳ್ಳತನ ಮಾಡಿದವನಿಗೂ ಮರ್ಯಾದೆಯಾ?’ ಎಂದು ಕೇಳುತ್ತಾರೆ. ಮಾಡಿದ್ದಾನೆ ಎಂದು ಇನ್ನೂ ಸಾಬೀತಾಗಿಲ್ಲವಲ್ಲ.

‘ಕಿಡಿ’, ‘ಗುಡುಗು’, ‘ತಿರುಗೇಟು’ ಎಲ್ಲ ಬರೀ ಬಣ್ಣ ತಾನೇ?

ಬಣ್ಣವೂ ಹೌದು, ತೂಕವೂ ಹೌದು. ಒಬ್ಬ ನಾಯಕ ಯಾವಾಗಲೂ ‘ಗುಡುಗುತ್ತಾರೆ’, ‘ಎಚ್ಚರಿಕೆ ಕೊಡುತ್ತಾರೆ’, ‘ಸ್ಪಷ್ಟಪಡಿಸುತ್ತಾರೆ’. ಎದುರಿನವರು ‘ಹರಿಹಾಯುತ್ತಾರೆ’, ‘ಕಿಡಿಕಾರುತ್ತಾರೆ’, ‘ಸಮರ್ಥಿಸಿಕೊಳ್ಳುತ್ತಾರೆ’. ಇಬ್ಬರೂ ಮೈಕ್ ಮುಂದೆ ನಿಂತು ಮಾತಾಡಿದ್ದಾರೆ, ಅಷ್ಟೇ. ಆದರೆ ‘ಸ್ಪಷ್ಟಪಡಿಸಿದರು’ ಎಂದರೆ ಅವರು ಹೇಳಿದ್ದು ನಿಜ ಎಂದು ಪತ್ರಿಕೆ ಒಪ್ಪಿದ ಹಾಗೆ. ‘ಸಮರ್ಥಿಸಿಕೊಂಡರು’ ಎಂದರೆ ಏನೋ ತಪ್ಪು ಮಾಡಿದ್ದಾರೆ ಎಂದು ಮೊದಲೇ ಹೇಳಿದ ಹಾಗೆ. ‘ತಿರುಗೇಟು’ ಎಂದರೆ ಅವರೇ ಗೆದ್ದರು. ‘ಹೇಳಿದರು’ ಎಂಬ ಬಡಪಾಯಿ ಪದ ಈ ಯಾವ ಕೆಲಸವನ್ನೂ ಮಾಡುವುದಿಲ್ಲ. ಅದನ್ನೇ ಜಾಸ್ತಿ ಬಳಸಬೇಕು.

‘ಗ್ಯಾರಂಟಿ’ ಎನ್ನಬೇಕಾ, ‘ಬಿಟ್ಟಿ ಭಾಗ್ಯ’ ಎನ್ನಬೇಕಾ?

ಯೋಜನೆಯ ಹೆಸರು ಹೇಳಿ, ಸಾಕು. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯ್ತು, ಹೆಂಗಸರಿಗೆ ಸರ್ಕಾರಿ ಬಸ್‌ನಲ್ಲಿ ಟಿಕೆಟ್ ದರ ಇಲ್ಲ. ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ‘ಗ್ಯಾರಂಟಿ’ ಎಂಬುದು ಪಕ್ಷದ ಪ್ರಚಾರದಿಂದ ಬಂದ ಪದ. ‘ಬಿಟ್ಟಿ’ ಎದುರು ಪಕ್ಷದವರ ಬೈಗುಳ. ಈಗ ಕೇಂದ್ರದ ಕಿಸಾನ್ ಸಮ್ಮಾನ್ ತಗೊಳ್ಳಿ, ರೈತರ ಖಾತೆಗೆ ವರ್ಷಕ್ಕೆ 6,000 ರೂಪಾಯಿ. ಅದನ್ನು ‘ರೈತರಿಗೆ ಆಸರೆ’ ಎಂದು ಬರೆದ ಪತ್ರಿಕೆ ಗೃಹಲಕ್ಷ್ಮಿಯನ್ನು ‘ಬಿಟ್ಟಿ’ ಎಂದರೆ ಅದರ ಬಣ್ಣ ಗೊತ್ತಾಯ್ತು. ಗೃಹಲಕ್ಷ್ಮಿಯನ್ನು ‘ಮಹಿಳೆಯರ ಬಲ’ ಎಂದು ಬರೆದು ಕಿಸಾನ್ ಹಣವನ್ನು ‘ಓಟಿನ ಗಿಮಿಕ್’ ಎಂದರೂ ಅಷ್ಟೇ. ಎರಡೂ ಸರ್ಕಾರ ಖಾತೆಗೆ ಹಾಕುವ ದುಡ್ಡು. ಎರಡಕ್ಕೂ ಒಂದೇ ಅಳತೆ ಇರಲಿ.

ಅಂಕಿಅಂಶ ಹಾಕಿದರೆ ಪಕ್ಷಪಾತ ಹೋಗುತ್ತದೆ ಅಲ್ವಾ?

ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಭೂತಾನ್‌ನಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಇಷ್ಟಕ್ಕಿಂತ ಅಗ್ಗಕ್ಕೆ ತರಿಸಬಾರದು ಎಂಬ) ಷರತ್ತಿಲ್ಲದೆ ತರಿಸಲು ಕೇಂದ್ರ ಬಿಟ್ಟಿತು. ಮಲೆನಾಡಿನಲ್ಲಿ ದೊಡ್ಡ ಗದ್ದಲವಾಯ್ತು. ‘17 ಸಾವಿರ ಟನ್ ಭೂತಾನ್ ಅಡಿಕೆ: ಬೆಳೆಗಾರರು ಕಂಗಾಲು’ ಎಂದರೆ ಭಯವಾಗುತ್ತದೆ. ದೇಶದಲ್ಲಿ ಒಂದು ವರ್ಷಕ್ಕೆ ಬೆಳೆಯುವ ಅಡಿಕೆ 10 ಲಕ್ಷ ಟನ್‌ಗೂ ಜಾಸ್ತಿ. ಆ ಲೆಕ್ಕದಲ್ಲಿ ಇದು ನೂರಕ್ಕೆ ಎರಡರ ಒಳಗೆ. ಅದೂ ಹಸಿ ಅಡಿಕೆ. ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಎಷ್ಟು ಉಳಿಯುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಹಾಗಂತ ‘ಭೂತಾನ್ ಅಡಿಕೆಯಿಂದ ಏನೂ ಆಗದು’ ಎಂಬ ತಲೆಬರಹವೂ ಸರಿಯಲ್ಲ. ಆ ಹೆಸರಲ್ಲಿ ಬೇರೆ ದೇಶದ ಮಾಲು ಕಳ್ಳದಾರಿಯಲ್ಲಿ ಬಂದರೆ ಏನು ಗತಿ ಎಂದು ಬೆಳೆಗಾರರು ಹೆದರಿದ್ದರು. ಆ ಭಯವನ್ನು ಈ ತಲೆಬರಹ ನುಂಗಿಬಿಡುತ್ತದೆ.

ದಿನದ ಧಾರಣೆಯೂ ಹೀಗೇ. ‘ಅಡಿಕೆ ಧಾರಣೆ ಪಾತಾಳಕ್ಕೆ’ ಎಂದು ನೋಡಿದರೆ ಮೊದಲು ಕೇಳಬೇಕಾದ್ದು: ಅಡಿಕೆಯ ಯಾವ ಬಗೆಯ ಧಾರಣೆ? ರಾಶಿಯದ್ದಾ, ಬೆಟ್ಟೆಯದ್ದಾ, ಸರಕಿನದ್ದಾ, ಗೊರಬಲಿನದ್ದಾ? ಗರಿಷ್ಠ ಬೆಲೆಯಾ, ಹೆಚ್ಚು ಮಾಲು ಮಾರಾಟವಾದ ಮಾದರಿ ಬೆಲೆಯಾ? ಹೋದ ವಾರಕ್ಕೆ ಹೋಲಿಸಿದ್ದಾ, ಹೋದ ವರ್ಷಕ್ಕಾ? ಗರಿಷ್ಠ ಬೆಲೆ ಒಂದೆರಡು ಚೀಲಕ್ಕೆ ಸಿಕ್ಕಿದ್ದಿರಬಹುದು. ಸರ್ಕಾರವನ್ನು ಹೊಗಳಬೇಕಾದವರು ಗರಿಷ್ಠ ಬೆಲೆ ಹಿಡಿಯುತ್ತಾರೆ, ಬೈಯಬೇಕಾದವರು ಕನಿಷ್ಠ ಬೆಲೆ ಹಿಡಿಯುತ್ತಾರೆ.

ನಮ್ಮ ಊರಿನ ಪರ ಬರೆದರೂ ಪಕ್ಷಪಾತವೇ?

ಕಷ್ಟದ ಪ್ರಶ್ನೆ. ಆದರೆ ಉತ್ತರ ಹೌದು ಎಂದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 2004ರಲ್ಲಿ ಅಡಿಕೆಯನ್ನು ಗ್ರೂಪ್ 1ಕ್ಕೆ ಸೇರಿಸಿತು. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇರುವ ಪಟ್ಟಿ ಅದು. ಈ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ‘ಅಡಿಕೆಗೆ ಮತ್ತೆ ಕಳಂಕ’ ಎಂಬ ಥರದ ತಲೆಬರಹ ಬರುತ್ತದೆ. ‘ಕಳಂಕ’ ಅಂದರೆ ಇಲ್ಲದ್ದನ್ನು ಯಾರೋ ಹಚ್ಚಿದರು ಎಂದಾಯಿತು. ಓದುವವರಿಗೆ ಪುರಾವೆಯ ವಿಷಯ ತಲುಪುವುದೇ ಇಲ್ಲ. ಬಾಯಿಯಲ್ಲಿ ಹುಣ್ಣಾದ ಹಳ್ಳಿಯ ಮನುಷ್ಯ ಡಾಕ್ಟರ್ ಬಳಿ ಹೋಗುವುದು ತಡವಾಗುತ್ತದೆ.

ಮತ್ತೊಂದು ಕಡೆ ‘ಅಡಿಕೆ ವಿಷ’ ಎಂದು ಬರೆಯುವವರಿದ್ದಾರೆ. ಗ್ರೂಪ್ 1 ಎಂಬುದು ಪುರಾವೆ ಎಷ್ಟು ಗಟ್ಟಿ ಎಂದು ಹೇಳುತ್ತದೆ. ಎಷ್ಟು ತಿಂದರೆ ಎಷ್ಟು ಅಪಾಯ ಎಂದು ಹೇಳುವುದಿಲ್ಲ. ಅದನ್ನು ಬಿಟ್ಟು ಬರೆದರೆ ಅದೂ ತಪ್ಪೇ. ಅಡಿಕೆ ನಮ್ಮ ಅನ್ನ. ನಮ್ಮ ಅನ್ನದ ವಿಷಯದಲ್ಲೇ ನೇರವಾಗಿ ಬರೆಯಲು ಆಗದ ಪತ್ರಿಕೆ ಬೇರೆಯವರ ವಿಷಯದಲ್ಲಿ ಹೇಗೆ ಬರೆಯುತ್ತದೆ?

ಕಸ್ತೂರಿರಂಗನ್ ವರದಿ ‘ಜಾರಿ’ ಎಂದು ಎಷ್ಟು ಸಲ ಓದಿದ್ದೇವೋ! ಅದು ಜಾರಿ ಆಯ್ತಾ ಇಲ್ವಾ?

ಪಶ್ಚಿಮ ಘಟ್ಟದಲ್ಲಿ ಯಾವ ಪ್ರದೇಶವನ್ನು ಪರಿಸರ ಸೂಕ್ಷ್ಮ ಎಂದು ಗುರುತಿಸಬೇಕು ಎಂದು ಹೇಳಿದ ಈ ವರದಿ ಬಂದದ್ದು 2013ರಲ್ಲಿ. ಆಮೇಲೆ ಕೇಂದ್ರ ಸರ್ಕಾರ ಒಂದರ ಮೇಲೊಂದು ಕರಡು ಅಧಿಸೂಚನೆ ಹೊರಡಿಸಿತು. ಆರನೆಯದು 2024ರ ಜುಲೈ 31ರದ್ದು. ಕರ್ನಾಟಕದ 20,668 ಚದರ ಕಿ.ಮೀ. ಪ್ರದೇಶ ಅದರಲ್ಲಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಒಪ್ಪುವುದಿಲ್ಲ ಎಂದಿತು. ಕರಡು ಎಂದರೆ ಆಕ್ಷೇಪಣೆ ಇದ್ದರೆ ಹೇಳಿ ಎಂದು ಕೇಳುವ ಹಂತ. ‘ಕರಡು’ ಎಂಬ ಮೂರಕ್ಷರ ಬಿಟ್ಟರೆ ಇಡೀ ಹಳ್ಳಿ ರಾತ್ರಿ ನಿದ್ದೆ ಮಾಡುವುದಿಲ್ಲ.

ಆ ಕರಡಿನಲ್ಲಿ ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ಪಟ್ಟಿಯ ಕಾರ್ಖಾನೆಗಳಿಗೆ ತಡೆ ಇದೆ. ಹೊಲ, ತೋಟ ಮಾಡಬಾರದು ಎಂದಿಲ್ಲ. ‘ಮಲೆನಾಡಿಗರನ್ನು ಒಕ್ಕಲೆಬ್ಬಿಸುವ ವರದಿ’ ಎಂಬ ತಲೆಬರಹಕ್ಕೆ ಅದರಲ್ಲಿ ಆಧಾರ ಸಿಗುವುದಿಲ್ಲ. ಜನರ ಭಯಕ್ಕೆ ಮಾತ್ರ ಕಾರಣ ಇದೆ. ಒಮ್ಮೆ ಮುಳುಗಡೆಯಾಗಿ ಎದ್ದು ಬಂದವರು ಸರ್ಕಾರದ ಕಾಗದವನ್ನು ಸುಲಭವಾಗಿ ನಂಬುವುದಿಲ್ಲ. ಆ ಭಯವನ್ನು ಸುದ್ದಿ ಮಾಡಿ. ಭಯವನ್ನೇ ಸತ್ಯ ಎಂದು ಬರೆಯಬೇಡಿ.

ತಲೆಬರಹದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇದ್ದರೆ?

‘ಶಾಸಕರು ಪಕ್ಷ ಬಿಡ್ತಾರಾ?’ ಪತ್ರಿಕೆಗೂ ಗೊತ್ತಿಲ್ಲ ಎಂದರ್ಥ. ಮುಂದಕ್ಕೆ ಹೋಗಿ.

ಗಲಾಟೆ ಆದ ದಿನ ಯಾವ ಪದಗಳ ಬಗ್ಗೆ ಹುಷಾರಾಗಿರಬೇಕು?

ಶಿವಮೊಗ್ಗ ಇಂಥ ದಿನಗಳನ್ನು ಕಂಡಿದೆ. ಹಾಗಾಗಿ ಇದನ್ನು ಹಗುರವಾಗಿ ಹೇಳಲಾರೆ. ಒಂದು ಬಡಾವಣೆಯ ಒಂದು ರಸ್ತೆಯಲ್ಲಿ ಕಲ್ಲು ಬಿದ್ದಿರುತ್ತದೆ. ಟಿವಿಯಲ್ಲಿ ‘ಹೊತ್ತಿ ಉರಿದ ಶಿವಮೊಗ್ಗ’. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ಗಾಬರಿಯಿಂದ ಫೋನ್ ಮಾಡುತ್ತಾಳೆ. ಗಾಂಧಿ ಬಜಾರ್‌ನಲ್ಲಿ ಎಂದಿನಂತೆ ವ್ಯಾಪಾರ ನಡೆಯುತ್ತಿರುತ್ತದೆ. ಸ್ವಲ್ಪ ಹೊತ್ತಲ್ಲಿ ಆ ತಲೆಬರಹ ನೋಡಿಯೇ ಅಂಗಡಿಗಳು ಬಾಗಿಲು ಹಾಕುತ್ತವೆ.

ನೋಡಬೇಕಾದ್ದು ಇಷ್ಟು. ಜಾಗದ ಹೆಸರು ಇದೆಯಾ, ಇಡೀ ಊರಿನ ಹೆಸರು ಹಾಕಿದ್ದಾರಾ? ‘ಉದ್ವಿಗ್ನ’ ಎಂದು ಹೇಳಿದ್ದು ಪೊಲೀಸರಾ, ಚಾನೆಲ್ಲಾ? ಒಂದು ಕೋಮಿನವರನ್ನು ‘ಕಿಡಿಗೇಡಿಗಳು’, ಇನ್ನೊಂದು ಕೋಮಿನವರನ್ನು ‘ಯುವಕರು’ ಎಂದಿದ್ದಾರಾ? ‘144 ಸೆಕ್ಷನ್ ಜಾರಿ’ ಎಂದು ಈಗಲೂ ಬರೆಯುತ್ತಾರೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ನಿಷೇಧಾಜ್ಞೆಯೇ ಕರ್ಫ್ಯೂ ಅಲ್ಲ. ಇವೆರಡನ್ನು ಒಂದೇ ಮಾಡಿದ ತಲೆಬರಹದಿಂದ ದಿನಗೂಲಿಯವರ ಒಂದು ದಿನದ ದುಡಿಮೆ ಹೋಗುತ್ತದೆ. ಗಲಾಟೆ ದಿನ ತಲೆಬರಹ ಸಪ್ಪೆಯಾಗಿರಬೇಕು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಪತ್ರಿಕೆ ಯಾವ ಪಕ್ಷದ ಕಡೆ ಎಂದು ತಿಳಿಯುವುದು ಹೇಗೆ?

ಒಂದು ತಲೆಬರಹ ನೋಡಿ ಹೇಳಬೇಡಿ. ಡೆಸ್ಕ್‌ನಲ್ಲಿ ಆ ದಿನ ಯಾರಿದ್ದರೋ, ಎಷ್ಟು ಅವಸರ ಇತ್ತೋ. ಕೆಲವು ವಾರ ಒಂದೇ ವಿಷಯ ಹಿಡಿದು ನೋಡಿ. ಯಾರ ಸುದ್ದಿ ಮುಖಪುಟಕ್ಕೆ ಬರುತ್ತದೆ, ಯಾರದ್ದು ಒಳಪುಟದ ಸಿಂಗಲ್ ಕಾಲಂಗೆ ಹೋಗುತ್ತದೆ? ಆರೋಪ ದಪ್ಪಕ್ಷರದಲ್ಲಿ ಬಂದು, ಅದು ಬಿದ್ದುಹೋದ ಸುದ್ದಿ ಬರಲೇ ಇಲ್ಲವಾ? ಕೊನೆಯ ಪುಟದ ಕೆಳಗೆ ಚಿಕ್ಕ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು ಎಂದು ಇರುತ್ತದೆ, ಅದನ್ನೂ ಓದಿ. ಜಾಹೀರಾತು ಯಾರದ್ದು ಎಂದು ನೋಡಿ. ಚಿಕ್ಕ ಜಿಲ್ಲಾ ಪತ್ರಿಕೆಗಳು ಬದುಕುವುದೇ ಸರ್ಕಾರಿ ಜಾಹೀರಾತು ಮತ್ತು ಹುಟ್ಟುಹಬ್ಬದ ಶುಭಾಶಯಗಳಿಂದ. ತಾಲ್ಲೂಕಿನಲ್ಲಿ ಸುದ್ದಿ ತರುವವರೇ ಎಷ್ಟೋ ಕಡೆ ಜಾಹೀರಾತನ್ನೂ ತರಬೇಕು. ಪೂರ್ತಿ ಪುಟದ ಶುಭಾಶಯ ಕೊಟ್ಟ ನಾಯಕರ ಬಗ್ಗೆ ಮರುದಿನ ಖಾರವಾಗಿ ಬರೆಯುವುದು ಅವರಿಗೆ ಎಷ್ಟು ಕಷ್ಟ ಎಂದು ಯೋಚಿಸಿ. ಅವರನ್ನು ಬೈಯುವುದಕ್ಕಿಂತ ಪತ್ರಿಕೆಗೆ ಚಂದಾ ಕಟ್ಟುವುದು ಹೆಚ್ಚು ಉಪಯೋಗ.

ಪಕ್ಷಪಾತ ನನ್ನ ಕಣ್ಣಲ್ಲೇ ಇದ್ದರೆ?

ಎಲ್ಲರ ಕಣ್ಣಲ್ಲೂ ಇರುತ್ತದೆ. ಒಂದು ಸುಲಭದ ಪರೀಕ್ಷೆ ಇದೆ. ತಲೆಬರಹದಲ್ಲಿ ಪಕ್ಷದ ಹೆಸರು ಅದಲುಬದಲು ಮಾಡಿ ಓದಿ. ನಿಮಗೆ ಇಷ್ಟವಿಲ್ಲದ ನಾಯಕರ ಹೆಸರು ತೆಗೆದು ನಿಮಗೆ ಬೇಕಾದವರ ಹೆಸರು ಹಾಕಿ. ಆಗ ಸಿಟ್ಟು ಬಂದರೆ ಮೊದಲಿನದ್ದಕ್ಕೂ ಸಿಟ್ಟು ಬರಬೇಕಿತ್ತು.

ಚುನಾವಣೆ ಹೊತ್ತಲ್ಲಿ ಎಲ್ಲ ಪತ್ರಿಕೆಯಲ್ಲೂ ಒಬ್ಬ ಅಭ್ಯರ್ಥಿಗೆ ಒಂದೇ ಥರದ ತಲೆಬರಹ ಬಂದರೆ?

‘ಕ್ಷೇತ್ರದೆಲ್ಲೆಡೆ ಅಲೆ’, ‘ಗೆಲುವು ಖಚಿತ’ ಎಂದು ಅಕ್ಷರಕ್ಕೆ ಅಕ್ಷರ ಒಂದೇ ಸುದ್ದಿ ಎರಡು ಮೂರು ಕಡೆ ಬಂದರೆ ಅದು ಕಾಸಿಗೆ ಬಂದ ಸುದ್ದಿ ಇರಬಹುದು. ಚುನಾವಣೆ ಸಮಯದಲ್ಲಿ ಪ್ರತಿ ಜಿಲ್ಲೆಯಲ್ಲೂ ಜಾಹೀರಾತು, ಸುದ್ದಿಗಳ ಮೇಲೆ ಕಣ್ಣಿಡುವ ಎಂಸಿಎಂಸಿ ಎಂಬ ಸಮಿತಿ ಇರುತ್ತದೆ. ಅಲ್ಲಿಗೆ ಕತ್ತರಿಸಿದ ಪುಟಗಳ ಸಮೇತ ದೂರು ಕೊಡಬಹುದು. ಕಾಸಿನ ಸುದ್ದಿ ಎಂದು ತೀರ್ಮಾನವಾದರೆ ಅದರ ವೆಚ್ಚವನ್ನು ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತಾರೆ. ಕರ್ನಾಟಕದಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ.

ತಪ್ಪು ತಲೆಬರಹದ ಬಗ್ಗೆ ಎಲ್ಲಿ ದೂರು ಕೊಡಬೇಕು?

ಮೊದಲು ಸಂಪಾದಕರಿಗೆ ಬರೆಯಿರಿ. ದಿನಾಂಕ, ಪುಟ, ತಲೆಬರಹ, ಸುದ್ದಿಯ ಯಾವ ಸಾಲಿಗೆ ಅದು ಹೊಂದುತ್ತಿಲ್ಲ ಎಂದು ನೇರವಾಗಿ ಹೇಳಿ. ‘ನೀವು ಇಂಥ ಪಕ್ಷದ ಏಜೆಂಟರು’ ಎಂದು ಶುರು ಮಾಡಿದರೆ ಯಾರೂ ಮುಂದೆ ಓದುವುದಿಲ್ಲ.

ಅಲ್ಲಿ ಆಗದಿದ್ದರೆ ಭಾರತೀಯ ಪತ್ರಿಕಾ ಮಂಡಳಿ ಇದೆ. ಈಗಿರುವುದು 1978ರ ಕಾಯ್ದೆಯ ಮಂಡಳಿ. ತಲೆಬರಹ ಕೆಳಗಿನ ಸುದ್ದಿಗೆ ಹೊಂದಬೇಕು, ಕೆರಳಿಸುವಂತಿರಬಾರದು, ಆರೋಪ ಇದ್ದರೆ ಯಾರು ಮಾಡಿದ್ದು ಎಂದು ಹೇಳಬೇಕು ಅಥವಾ ಕನಿಷ್ಠ ಉದ್ಧರಣ ಚಿಹ್ನೆಯೊಳಗೆ ಇಡಬೇಕು ಎಂದು ಅದರ ನಿಯಮಗಳಲ್ಲೇ ಇದೆ. ದಿನಪತ್ರಿಕೆ, ವಾರಪತ್ರಿಕೆ ಆದರೆ ಪ್ರಕಟವಾದ ಎರಡು ತಿಂಗಳೊಳಗೆ ದೂರು ಹೋಗಬೇಕು. ಮಂಡಳಿ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು. ದಂಡ ಹಾಕುವ ಅಧಿಕಾರ ಇಲ್ಲ. ಇದು ಸಾಲದು ಎಂಬುದೇ ನನ್ನ ಅಭಿಪ್ರಾಯ. ಆದರೂ ದೂರು ದಾಖಲಾದರೆ ಡೆಸ್ಕ್‌ನಲ್ಲಿ ಮುಂದಿನ ಸಲ ಒಂದು ಕ್ಷಣ ಕೈ ತಡೆಯುತ್ತದೆ.

ಟಿವಿಗೆ ಪತ್ರಿಕಾ ಮಂಡಳಿ ಬರುವುದಿಲ್ಲ. ಪ್ರಸಾರವಾದ ಏಳು ದಿನದೊಳಗೆ ಚಾನೆಲ್‌ಗೆ ಬರೆಯಿರಿ. ಆ ಚಾನೆಲ್ ಸುದ್ದಿ ಚಾನೆಲ್‌ಗಳ ಸಂಘವಾದ ಎನ್‌ಬಿಡಿಎ ಸದಸ್ಯ ಆಗಿದ್ದರೆ ಆಮೇಲೆ ಅವರ ದೂರು ಪ್ರಾಧಿಕಾರಕ್ಕೆ ಹೋಗಬಹುದು.

ವಾಟ್ಸಾಪ್‌ನಲ್ಲಿ ಬರುವ ಪತ್ರಿಕೆ ತುಣುಕುಗಳನ್ನು ನಂಬಬಹುದಾ?

ದಿನಾಂಕ ಮತ್ತು ಪತ್ರಿಕೆಯ ಹೆಸರು ಕಾಣದಿದ್ದರೆ ನಂಬಬೇಡಿ. ಕಂಡರೂ ಇ-ಪೇಪರ್‌ನಲ್ಲಿ ಅದೇ ದಿನದ ಪುಟ ತೆಗೆದು ನೋಡಿ. ಶಿವಮೊಗ್ಗ ಆವೃತ್ತಿ, ದಾವಣಗೆರೆ ಆವೃತ್ತಿ ಬೇರೆ ಇರುತ್ತವೆ, ಹಾಗಾಗಿ ಸರಿಯಾದ ಆವೃತ್ತಿ ಆರಿಸಿ. ನಕಲಿ ತುಣುಕಿನಲ್ಲಿ ಬಹಳ ಸಲ ತಲೆಬರಹದ ಅಕ್ಷರದ ಆಕಾರ ಒಂದು ಥರ, ಸುದ್ದಿಯದ್ದು ಇನ್ನೊಂದು ಥರ ಇರುತ್ತದೆ. ಒತ್ತಕ್ಷರಗಳು ಕೆಟ್ಟು ಕೂತಿರುತ್ತವೆ. ನಿಜವಾದ ಸುದ್ದಿಯೇ ಆಗಿದ್ದರೂ ಮೂರು ವರ್ಷ ಹಳೆಯದ್ದನ್ನು ಇವತ್ತಿನದ್ದು ಎಂದು ಕಳಿಸಿರಬಹುದು.

ತಲೆಬರಹ ಸಪ್ಪೆಯಾದರೆ ಯಾರು ಓದುತ್ತಾರೆ?

ಚುರುಕಾಗಿ ಬರೆಯಿರಿ, ಬೇಡ ಎಂದವರು ಯಾರು? ಪ್ರಾಸ ಹಾಕಿ, ಗಾದೆ ತನ್ನಿ. ಮಳೆ, ಮೀನು, ಜಾತ್ರೆ, ಕ್ರಿಕೆಟ್, ಯಕ್ಷಗಾನ, ಎಲ್ಲದರಲ್ಲೂ ಆಟವಾಡಿ. ಯಾರದೋ ಜಮೀನು, ಮಾನ, ಕೋಮು, ಕೇಸು ಇರುವಲ್ಲಿ ಮಾತ್ರ ನಿಧಾನ.

ಊರಿನ ಗ್ರಂಥಾಲಯದಲ್ಲಿ ಇದನ್ನು ಮಕ್ಕಳಿಗೆ ಕಲಿಸುವುದು ಹೇಗೆ?

ಒಂದೇ ದಿನದ ಮೂರು ಪತ್ರಿಕೆ ತಗೊಳ್ಳಿ. ಮೂರರಲ್ಲೂ ಬಂದ ಒಂದು ಸುದ್ದಿ ಆರಿಸಿ. ತಲೆಬರಹ ಮುಚ್ಚಿಟ್ಟು ಸುದ್ದಿ ಮಾತ್ರ ಜೋರಾಗಿ ಓದಿಸಿ. ಮಕ್ಕಳೇ ಒಂದೊಂದು ತಲೆಬರಹ ಬರೆಯಲಿ, ಆರು ಪದ ಮೀರದಂತೆ. ಆಮೇಲೆ ಮುಚ್ಚಿದ್ದನ್ನು ತೆಗೆದು ಪಕ್ಕಪಕ್ಕ ಇಡಿ. ಯಾವ ಪದ ಸುದ್ದಿಯಲ್ಲೇ ಇತ್ತು, ಯಾವುದು ಮೇಲಿಂದ ಬಂತು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಸಿ. ಹೈಸ್ಕೂಲ್ ಮಕ್ಕಳು ಇದನ್ನು ಬಹಳ ಬೇಗ ಹಿಡಿಯುತ್ತಾರೆ. ಜಮೀನಿನ ಸುದ್ದಿ ಆರಿಸಿದರೆ ಮಾತ್ರ ಸ್ವಲ್ಪ ಹೊತ್ತು ಜಾಸ್ತಿ ಇಟ್ಟುಕೊಳ್ಳಿ. ಪ್ರತಿ ಮನೆಯಲ್ಲೂ ಒಂದು ಅರ್ಜಿ ಬಾಕಿ ಇರುತ್ತದೆ, ಎಲ್ಲರಿಗೂ ಹೇಳಲು ಇರುತ್ತದೆ.